ಯುದ್ಧ ಮುಗಿದರೂ ಮುಗಿಯದ ಕಾನೂನು: ಆಕ್ಷೇಪಗಳಿಗೊಂದು ಪ್ರತ್ಯುತ್ತರ

ಯುದ್ಧದ ಹೆಸರಿನಲ್ಲಿ ಜನರ ಬಾಯಿಗೆ ಬಿದ್ದ ಬೀಗವನ್ನು ಯಾವ ಸರ್ಕಾರವೂ ತಾನಾಗಿ ತೆಗೆಯುವುದಿಲ್ಲ. ಅದನ್ನು ಜನ ಕೇಳಿ ತೆಗೆಸಬೇಕಾಗುತ್ತದೆ. 2025ರ ಮೇ ತಿಂಗಳಲ್ಲಿ ‘ಆಪರೇಷನ್ ಸಿಂಧೂರ’ ನಡೆದಾಗಿನಿಂದ ಸಾಸಲಿನಲ್ಲಿ, ದೊಡ್ಡಬಳ್ಳಾಪುರದಲ್ಲಿ ನಾನು ಹೇಳುತ್ತ ಬಂದಿರುವುದು ಇಷ್ಟೇ. ಇದಕ್ಕೆ ಬಂದ ವಿರೋಧ ಸಣ್ಣದಲ್ಲ. ವಿರೋಧಿಸಿದವರಲ್ಲಿ ಮಗನನ್ನು ಸೈನ್ಯಕ್ಕೆ ಕಳಿಸಿದವರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಕಾನೂನು ಓದಿದವರಿದ್ದಾರೆ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಅವರ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುತ್ತೇನೆ.

ಆಕ್ಷೇಪ ಒಂದು: “ಗಡಿಯಲ್ಲಿ ಹುಡುಗರು ಪ್ರಾಣ ಕೊಡ್ತಾ ಇರುವಾಗ ಇಲ್ಲಿ ಕೂತು ಸರ್ಕಾರವನ್ನ ಪ್ರಶ್ನೆ ಮಾಡೋದೇನ್ರೀ? ಯುದ್ಧ ಮುಗೀಲಿ, ಆಮೇಲೆ ಕೇಳಿ.”

ಆಮೇಲೆ ಕೇಳಿದ್ದರೆ 1962ರಲ್ಲಿ ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿಯೇ ಉಳಿಯುತ್ತಿದ್ದರು. ಚೀನಾ ದಾಳಿ ಶುರುವಾದದ್ದು ಆ ವರ್ಷದ ಅಕ್ಟೋಬರ್ 20ರಂದು. ಹಿಮದಲ್ಲಿ ನಿಂತ ಸೈನಿಕರಿಗೆ ಬೆಚ್ಚನೆ ಬಟ್ಟೆಯಿಲ್ಲ, ಒಳ್ಳೆಯ ಬಂದೂಕಿಲ್ಲ ಎಂಬ ಕೂಗು ಸಂಸತ್ತಿನ ಒಳಗೂ ಹೊರಗೂ ಎದ್ದಿತು. ಆಳುವ ಕಾಂಗ್ರೆಸ್ಸಿನ ಸಂಸದರೇ ಮೆನನ್ ವಿರುದ್ಧ ತಿರುಗಿಬಿದ್ದರು. ಅಕ್ಟೋಬರ್ ಕೊನೆಗೆ ರಕ್ಷಣಾ ಖಾತೆ ಅವರ ಕೈತಪ್ಪಿತು. ನವೆಂಬರ್ 7ರಂದು ಅವರು ಸಂಪುಟದಿಂದಲೇ ಹೊರಬಿದ್ದರು. ಚೀನಾ ಕದನವಿರಾಮ ಘೋಷಿಸಲು ಇನ್ನೂ ಎರಡು ವಾರ ಬಾಕಿಯಿತ್ತು.

ಯುದ್ಧದ ನಡುವೆಯೇ ಸಂಸತ್ತನ್ನು ಕರೆಯಬೇಕೆಂದು ಒತ್ತಾಯಿಸಿದವರಲ್ಲಿ ಆಗ ರಾಜ್ಯಸಭೆಯಲ್ಲಿದ್ದ ಯುವ ಸದಸ್ಯ ಅಟಲ ಬಿಹಾರಿ ವಾಜಪೇಯಿ ಒಬ್ಬರು. ನೆಹರೂ ಒಪ್ಪಿ, ಅಧಿವೇಶನವನ್ನು ಹಿಂದಕ್ಕೆಳೆದು ನವೆಂಬರ್ 8ಕ್ಕೇ ಕರೆದರು. ಚರ್ಚೆ ಗುಟ್ಟಾಗಿ ನಡೆಯಲಿ ಎಂಬ ಸಲಹೆ ಬಂದಾಗ ಅವರು ಒಪ್ಪಲಿಲ್ಲ. ಸೋಲುತ್ತಿದ್ದ ಯುದ್ಧದ ನಡುವೆ ಪ್ರಧಾನಿಯೊಬ್ಬರು ಬಾಗಿಲು ತೆರೆದಿಟ್ಟು ಬೈಸಿಕೊಂಡರು. ಅದರಿಂದ ಸೈನಿಕರ ಎದೆಗುಂದಿತು ಎಂದು ಹೇಳುವವರು ಯಾರಿದ್ದಾರೆ? ಎದೆಗುಂದಿಸಿದ್ದು ಕಾಲಿಗಿಲ್ಲದ ಬೂಟು.

ಬ್ರಿಟನ್ನಿನಲ್ಲೂ ಹೀಗೆಯೇ ಆಯಿತು. 1940ರ ಮೇ 7 ಮತ್ತು 8ರಂದು ನಾರ್ವೆಯಲ್ಲಾದ ಸೋಲನ್ನು ಅಲ್ಲಿನ ಸಂಸತ್ತು ಬಹಿರಂಗವಾಗಿ ಚರ್ಚಿಸಿತು. ಹಿಟ್ಲರನ ಸೇನೆ ಪಶ್ಚಿಮ ಯೂರೋಪಿಗೆ ನುಗ್ಗಿದ ಮೇ 10ರಂದೇ ಪ್ರಧಾನಿ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು, ಚರ್ಚಿಲ್ ಬಂದರು. ಯುದ್ಧಕಾಲದಲ್ಲಿ ಪ್ರಶ್ನೆ ಕೇಳಬಾರದು ಎಂಬುದು ಅಲ್ಲಿ ನಿಯಮವಾಗಿದ್ದರೆ ಚರ್ಚಿಲ್ ಪ್ರಧಾನಿಯಾಗುತ್ತಲೇ ಇರಲಿಲ್ಲ.

ಆಮೇಲೆ ಕೇಳಿ ಎನ್ನುವವರಿಗೆ ಇನ್ನೊಂದು ಸಂಗತಿ. 1962ರ ಸೋಲಿನ ಬಗ್ಗೆ ಸೇನೆಯೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ 1963ರಲ್ಲೇ ಸಿದ್ಧವಾಯಿತು. ಆ ‘ಆಮೇಲೆ’ ಅದಕ್ಕೆ ಇನ್ನೂ ಬಂದಿಲ್ಲ. ಪಕ್ಷ ಯಾವುದೇ ಇರಲಿ, ಅದನ್ನು ಅಧಿಕೃತವಾಗಿ ಪ್ರಕಟಿಸಿದ ಸರ್ಕಾರವಿಲ್ಲ.

ಆಕ್ಷೇಪ ಎರಡು: “ಇವೆಲ್ಲ ತಾತ್ಕಾಲಿಕ ಕ್ರಮಗಳು. ಯುದ್ಧ ಮುಗಿದರೆ ಕಾನೂನೂ ಮುಗಿಯುತ್ತದೆ.”

ಹೆಚ್ಚು ಜನ ನಂಬಿರುವ ಮಾತು ಇದು. ದಾಖಲೆ ಮಾತ್ರ ಇದರ ವಿರುದ್ಧವಾಗಿದೆ. ತುರ್ತು ಪರಿಸ್ಥಿತಿ ಘೋಷಣೆಯಾದದ್ದು 1962ರ ಅಕ್ಟೋಬರ್ 26ರಂದು. ಯುದ್ಧ ನಿಂತದ್ದು ನವೆಂಬರ್ 21ಕ್ಕೆ. ತುರ್ತು ಪರಿಸ್ಥಿತಿ ಮುಗಿದದ್ದು 1968ರ ಜನವರಿ 10ಕ್ಕೆ. ಒಂದು ತಿಂಗಳ ಯುದ್ಧಕ್ಕೆ ಐದು ವರ್ಷ ಮೀರಿದ ತುರ್ತು ಪರಿಸ್ಥಿತಿ. ಅಷ್ಟೂ ಕಾಲ ಸಂವಿಧಾನದ 358ನೇ ವಿಧಿಯ ಪ್ರಕಾರ 19ನೇ ವಿಧಿ, ಅಂದರೆ ಮಾತಿನ ಮತ್ತು ಸಭೆ ಸೇರುವ ಹಕ್ಕು, ಅಮಾನತಿನಲ್ಲಿತ್ತು.

1971ರದ್ದೂ ಇದೇ ಕತೆ. ಡಿಸೆಂಬರ್ 3ರಂದು ಶುರುವಾದ ಯುದ್ಧ ಢಾಕಾ ಶರಣಾದ 16ರ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿತ್ತು. ಆ ಯುದ್ಧಕ್ಕೆಂದು ಘೋಷಿಸಿದ ತುರ್ತು ಪರಿಸ್ಥಿತಿ 1977ರ ಮಾರ್ಚ್‌ವರೆಗೆ ನಡೆಯಿತು. 1975ರ ಜೂನ್ 25ರಂದು ಇಂದಿರಾ ಗಾಂಧಿಯವರು ತಂದ ಆಂತರಿಕ ತುರ್ತು ಪರಿಸ್ಥಿತಿಯ ಬಗ್ಗೆ ನಾವೆಲ್ಲ ಓದಿದ್ದೇವೆ. ಅದು ಬಂದಾಗ ಹಳೆಯ ಯುದ್ಧದ ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲೇ ಇತ್ತು ಎಂಬುದನ್ನು ಮರೆತಿದ್ದೇವೆ. ಪಾಕಿಸ್ತಾನವನ್ನು ಎದುರಿಸಲೆಂದು ಮಾಡಿದ 1971ರ ಭಾರತ ರಕ್ಷಣಾ ಕಾಯ್ದೆಗೆ ‘ಆಂತರಿಕ ಭದ್ರತೆ’ ಎಂಬ ಮಾತು ಸೇರಿಸಿ, ಅದರ ನಿಯಮಗಳಡಿ ಸುಮಾರು 76 ಸಾವಿರ ಜನರನ್ನು ಬಂಧಿಸಿದರು. ವಿಚಾರಣೆಯಿಲ್ಲದೆ ಕೂಡಿಹಾಕುವ ಮೀಸಾ ಕಾಯ್ದೆಯಡಿ ಹಿಡಿದವರು ಇನ್ನೂ ಸುಮಾರು 35 ಸಾವಿರ. ಇದು ಆ ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗದ ಲೆಕ್ಕ.

1962, 1965, 1971ರ ಮೂರೂ ಯುದ್ಧಗಳ ದಿನಗಳನ್ನು ಕೂಡಿದರೆ ನೂರು ದಾಟುವುದಿಲ್ಲ. ಅವುಗಳ ಹೆಸರಿನಲ್ಲಿ 19ನೇ ವಿಧಿ ಅಮಾನತಿನಲ್ಲಿದ್ದದ್ದು ಹತ್ತು ವರ್ಷಕ್ಕೂ ಹೆಚ್ಚು.

ಇದು ಸ್ವತಂತ್ರ ಭಾರತ ಕಂಡುಹಿಡಿದ ಚಾಳಿಯೂ ಅಲ್ಲ. ಮೊದಲ ಮಹಾಯುದ್ಧಕ್ಕೆಂದು ಬ್ರಿಟಿಷರು 1915ರಲ್ಲಿ ಭಾರತ ರಕ್ಷಣಾ ಕಾಯ್ದೆ ತಂದರು. ಯುದ್ಧ 1918ರ ನವೆಂಬರಿನಲ್ಲಿ ಮುಗಿಯಿತು. ಕೈಗೆ ಬಂದ ಅಧಿಕಾರ ಬಿಡಲು ಮನಸ್ಸಾಗದೆ 1919ರ ಮಾರ್ಚಿನಲ್ಲಿ ರೌಲತ್ ಕಾಯ್ದೆ ಮಾಡಿದರು. ಅದನ್ನು ವಿರೋಧಿಸಿದ ಚಳವಳಿಯ ದಿನಗಳಲ್ಲೇ ಜಲಿಯನ್‌ವಾಲಾ ಬಾಗ್ ಆಯಿತು.

ಆಕ್ಷೇಪ ಮೂರು: “ದೇಶದ್ರೋಹಿಗಳಿಗೆ ಮಾತ್ರ ಈ ಕಾನೂನಿನ ಭಯ. ನಿಮಗೇಕೆ?”

ದೇಶದ್ರೋಹಿ ಯಾರು ಎಂದು ತೀರ್ಮಾನಿಸುವವರು ಯಾರು ಎಂಬುದೇ ಇಲ್ಲಿನ ತೊಡಕು. ಇದಕ್ಕೆ ಉತ್ತರ ಹುಡುಕಲು ಸಾಸಲಿನವರು ದೂರ ಹೋಗಬೇಕಿಲ್ಲ. ನಮ್ಮ ಹೋಬಳಿಯ ಉತ್ತರಕ್ಕಿರುವುದೇ ಗೌರಿಬಿದನೂರು ಸೀಮೆ, ಅಲ್ಲಿ ವಿದುರಾಶ್ವತ್ಥ. 1938ರ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ನಿಷೇಧ ಮುರಿದು ರಾಷ್ಟ್ರಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದ ತೋಪಿನಲ್ಲಿ, ಸಭೆ–ಭಾಷಣ ಕೂಡದೆಂಬ ಆಜ್ಞೆಯನ್ನು ಮೀರಿ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಎಂಬುದು ಜನರ ಲೆಕ್ಕ. ಸರ್ಕಾರ ಒಪ್ಪಿದ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಮುಂದಿನ ತಿಂಗಳು ವಲ್ಲಭಭಾಯಿ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಒಪ್ಪಂದವಾಗಿ, ಅದೇ ಬಾವುಟ ಹಾರಿಸಲು ಅನುಮತಿ ಸಿಕ್ಕಿತು. ಏಪ್ರಿಲಿನಲ್ಲಿ ಗುಂಡೇಟಿಗೆ ಕಾರಣವಾದದ್ದು ಮೇ ತಿಂಗಳಲ್ಲಿ ಕಾನೂನುಬದ್ಧವಾಯಿತು.

ಅದು ಯುದ್ಧಕಾಲವಲ್ಲ ಎಂದು ನೀವು ಹೇಳಬಹುದು. ಸರಿ, 1942ಕ್ಕೆ ಬನ್ನಿ. ಜಪಾನಿನ ಸೇನೆ ಬರ್ಮಾವನ್ನು ನುಂಗಿ ಭಾರತದ ಬಾಗಿಲಲ್ಲಿ ನಿಂತಿತ್ತು. ಆ ಹೊತ್ತಿನಲ್ಲೇ ಗಾಂಧೀಜಿ ‘ಭಾರತ ಬಿಟ್ಟು ತೊಲಗಿ’ ಎಂದರು. ಶತ್ರು ಬಾಗಿಲಲ್ಲಿರುವಾಗ ಸರ್ಕಾರವನ್ನು ವಿರೋಧಿಸುವುದು ದ್ರೋಹ ಎಂದು ಬ್ರಿಟಿಷರು ಹೇಳಿದ್ದು ಇವತ್ತು ನೀವು ಹೇಳುವ ಮಾತನ್ನೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದ ಎಚ್. ನರಸಿಂಹಯ್ಯ ಆಗ ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿ. ಓದು ಬಿಟ್ಟು ಚಳವಳಿಗೆ ಇಳಿದರು, ಜೈಲು ಸೇರಿದರು. ಮುಂದೆ ಅವರೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ನಮ್ಮ ದೊಡ್ಡಬಳ್ಳಾಪುರದ ಕಲಾವಿದ ರುಮಾಲೆ ಚನ್ನಬಸವಯ್ಯನವರೂ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರೇ. ಆಗಿನ ಕಾನೂನಿನ ಕಣ್ಣಲ್ಲಿ ಇವರೆಲ್ಲ ಅಪರಾಧಿಗಳು. ಇವತ್ತು ಆಗಸ್ಟ್ 15ರಂದು ನಾವು ಹಾರ ಹಾಕುವುದು ಇಂಥವರಿಗೆ.

ಸ್ವಾತಂತ್ರ್ಯದ ನಂತರವೂ ಈ ತೊಡಕು ಹೋಗಲಿಲ್ಲ. ಕಾಸರಗೋಡಿನಿಂದ ಲೋಕಸಭೆಗೆ ಗೆದ್ದಿದ್ದ ಎ.ಕೆ. ಗೋಪಾಲನ್ ಅವರನ್ನು 1964ರ ಡಿಸೆಂಬರ್ ಕೊನೆಯಲ್ಲಿ, ದೇಶ ಯಾರ ಜತೆಗೂ ಯುದ್ಧ ಮಾಡದಿದ್ದಾಗ, 1962ರ ಯುದ್ಧಕ್ಕೆಂದು ಮಾಡಿದ ಭಾರತ ರಕ್ಷಣಾ ನಿಯಮದಡಿ ಬಂಧಿಸಿದರು. ಅವರ ರಾಜಕೀಯ ನಿಮಗೆ ಇಷ್ಟವಿಲ್ಲದಿರಬಹುದು. ಕಾಸರಗೋಡಿನ ಮತದಾರರು ಆರಿಸಿದ ಸಂಸದರನ್ನು ಮುಗಿದ ಯುದ್ಧವೊಂದರ ಕಾನೂನು ಒಳಗೆ ಹಾಕಿತಲ್ಲ, ಅದು ಸರಿಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಆಕ್ಷೇಪ ನಾಲ್ಕು: “ತಪ್ಪಾಗಿ ಹಿಡಿದರೆ ಕೋರ್ಟ್ ಇದೆಯಲ್ಲ, ಬಿಡುಗಡೆ ಮಾಡುತ್ತದೆ.”

ಒಮ್ಮೊಮ್ಮೆ ಮಾಡಿದೆ. ಅದನ್ನು ಮುಚ್ಚಿಡುವುದಿಲ್ಲ. 1951ರಲ್ಲಿ ಸಾಗರದ ಕಾಗೋಡಿಗೆ ಬಂದು ಗೇಣಿದಾರರ ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ ಕನ್ನಡಿಗರಿಗೆ ಹೊಸಬರಲ್ಲ. 1965ರ ಆಗಸ್ಟಿನಲ್ಲಿ ಪಟ್ನಾದ ಜಿಲ್ಲಾ ಮ್ಯಾಜಿಸ್ಟ್ರೇಟರು ಭಾರತ ರಕ್ಷಣಾ ನಿಯಮದಡಿ ಅವರನ್ನು ಜೈಲಿಗೆ ಹಾಕಿದರು. ಸೆಪ್ಟೆಂಬರ್ 6ರಂದು ನಮ್ಮ ಸೇನೆ ಲಾಹೋರಿನತ್ತ ಗಡಿ ದಾಟಿತು. ಮರುದಿನವೇ, ಯುದ್ಧ ಕಾವೇರಿದ್ದಾಗಲೇ, ಸುಪ್ರೀಂ ಕೋರ್ಟ್ ಲೋಹಿಯಾ ಅವರ ಬಂಧನ ಕಾನೂನುಬಾಹಿರ ಎಂದು ಬಿಡುಗಡೆ ಮಾಡಿತು. ಊರಿನ ಸಾಮಾನ್ಯ ಶಾಂತಿಭಂಗ ಬೇರೆ, ಸಾರ್ವಜನಿಕ ಸುವ್ಯವಸ್ಥೆ ಬೇರೆ, ದೇಶದ ಭದ್ರತೆ ಬೇರೆ; ಒಂದರ ಹೆಸರಲ್ಲಿ ಇನ್ನೊಂದರ ಅಧಿಕಾರ ಚಲಾಯಿಸಬೇಡಿ ಎಂದಿತು. ಅದರಿಂದ ದೇಶ ಯುದ್ಧ ಸೋಲಲಿಲ್ಲ.

ಹನ್ನೊಂದು ವರ್ಷದ ನಂತರ ಅದೇ ನ್ಯಾಯಾಲಯ ಏನು ಮಾಡಿತು? 1975ರ ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರಾ ಇಲ್ಲೇ ಬಂಧಿತರಾಗಿ ಸೆಂಟ್ರಲ್ ಜೈಲು ಸೇರಿದರು. ಅವರ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ ವಿಚಾರಣೆಗೆ ಎತ್ತಿಕೊಂಡಿತು, ಇಂಥ ಅರ್ಜಿ ಕೇಳುವ ಅಧಿಕಾರ ತನಗಿದೆ ಎಂದಿತು. ಅದನ್ನು ಕೇಳಿದ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೂ ನ್ಯಾಯಮೂರ್ತಿ ಎಂ. ಸದಾನಂದಸ್ವಾಮಿ ಗುವಾಹಟಿಗೂ ವರ್ಗವಾದರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ನಾಲ್ಕು–ಒಂದರ ಬಹುಮತದಿಂದ, ತುರ್ತು ಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿನ ಬಾಗಿಲು ತಟ್ಟುವ ಹಕ್ಕೇ ಇಲ್ಲ ಎಂದಿತು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರ ಕೈತಪ್ಪಿತು. ಆ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. ನಲವತ್ತೊಂದು ವರ್ಷ ಹಿಡಿಯಿತು.

ಆ ನಲವತ್ತೊಂದು ವರ್ಷ ಕಾಯಲು ಸ್ನೇಹಲತಾ ರೆಡ್ಡಿ ಇರಲಿಲ್ಲ. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾಗಿದ್ದ ಅವರನ್ನು 1976ರ ಮೇ ತಿಂಗಳಲ್ಲಿ ಹಿಡಿದು ಅದೇ ಬೆಂಗಳೂರು ಜೈಲಿನಲ್ಲಿಟ್ಟರು. ಅವರಿಗೆ ತೀವ್ರ ಅಸ್ತಮಾ. ಎಂಟು ತಿಂಗಳಾದ ಮೇಲೆ, 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. ಜನವರಿ 20ರಂದು ತೀರಿಕೊಂಡರು. ಅವರ ಮೇಲೆ ಯಾವ ಅಪರಾಧವೂ ರುಜುವಾತಾಗಲಿಲ್ಲ.

ಬಿಡುಗಡೆ ಎಂಬುದು ನಷ್ಟ ತುಂಬಿಕೊಡುವುದಿಲ್ಲ. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರೆಂದು ರಾಜದ್ರೋಹದ ಮೊಕದ್ದಮೆ ಹೂಡಿದರು. ಮುಖ್ಯ ಶಿಕ್ಷಕಿಯೂ ಒಂದು ಮಗುವಿನ ತಾಯಿಯೂ ಜೈಲಿಗೆ ಹೋದರು. ಪೊಲೀಸರು ಮಕ್ಕಳನ್ನು ಮತ್ತೆ ಮತ್ತೆ ವಿಚಾರಿಸಿದರು. ಹೈಕೋರ್ಟ್ ಮೊಕದ್ದಮೆ ರದ್ದು ಮಾಡಿದ್ದು 2023ರ ಜೂನಿನಲ್ಲಿ. ಅಷ್ಟರಲ್ಲಿ ಆ ಮಕ್ಕಳು ಮೂರು ತರಗತಿ ದಾಟಿದ್ದರು.

ಆಕ್ಷೇಪ ಐದು: “ಮೊಬೈಲಿನಲ್ಲಿ ಸುಳ್ಳು ಸುದ್ದಿ ಹರಿದು ಬರುತ್ತಿರುವಾಗ ಸರ್ಕಾರ ಕೈಕಟ್ಟಿ ಕೂರಬೇಕೇ?”

ಕೂರಬಾರದು. ಈ ಆಕ್ಷೇಪದಲ್ಲಿ ಅರ್ಧ ನ್ಯಾಯವಿದೆ. ಸೇನೆ ಎಲ್ಲಿ ಬೀಡುಬಿಟ್ಟಿದೆ, ಯಾವ ರೈಲಿನಲ್ಲಿ ಹೋಗುತ್ತಿದೆ, ಕಾರ್ಯಾಚರಣೆ ಎಲ್ಲಿಗೆ ಬಂತು ಎಂಬುದನ್ನು ನೇರಪ್ರಸಾರ ಮಾಡುವ ಹಕ್ಕು ಯಾರಿಗೂ ಇಲ್ಲ. 2008ರ ನವೆಂಬರಿನ ಮುಂಬೈ ದಾಳಿಯಲ್ಲಿ ಟಿ.ವಿ. ವಾಹಿನಿಗಳು ಕಮಾಂಡೊಗಳ ಚಲನವಲನ ತೋರಿಸಿದ್ದನ್ನು ಸುಪ್ರೀಂ ಕೋರ್ಟ್ 2012ರ ಕಸಬ್ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. ಟೀಕಿಸಿದ್ದು ಸರಿ. ಅಂಥ ನೇರಪ್ರಸಾರವನ್ನು ತಡೆಯುವ ನಿಯಮಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ.

ಆದರೆ 2025ರ ಮೇ ತಿಂಗಳಲ್ಲಿ ಏನಾಯಿತು ನೋಡಿ. ಕರಾಚಿ ಬಂದರು ಧ್ವಂಸವಾಯಿತೆಂದು ರಾತ್ರಿಯಿಡೀ ಕೂಗಿದ್ದು ದೊಡ್ಡ ದೊಡ್ಡ ವಾಹಿನಿಗಳು. ಅದು ಸುಳ್ಳಾಗಿತ್ತು. ಇತ್ತ ‘ಎಕ್ಸ್’ ಜಾಲತಾಣ, 8,000ಕ್ಕೂ ಹೆಚ್ಚು ಖಾತೆಗಳನ್ನು ಮುಚ್ಚಲು ಸರ್ಕಾರ ಆದೇಶಿಸಿದೆ, ಬಹುಪಾಲು ಖಾತೆಗಳ ಯಾವ ಬರಹ ತಪ್ಪು ಎಂದು ಹೇಳಿಲ್ಲ ಎಂದಿತು. ‘ದಿ ವೈರ್’ ಸುದ್ದಿತಾಣವನ್ನು ಮೇ 9ರಂದು ಮುಚ್ಚಿಸಿ ಮರುದಿನ ತೆರೆಯಲು ಬಿಟ್ಟರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ವಿಧಿಯಡಿ ಹೊರಡುವ ಇಂಥ ಆದೇಶಗಳು ಗುಟ್ಟಿನವು. ಏಕೆ ಮುಚ್ಚಿದರೆಂದು ಖಾತೆಯವನಿಗೇ ಗೊತ್ತಾಗದು. ಸುಳ್ಳು ತಡೆಯಲೆಂದು ತಂದ ಅಧಿಕಾರ ಸುಳ್ಳು ಕೂಗಿದವರನ್ನು ಬಿಟ್ಟು ಬೇರೆಯವರ ಮೇಲೆ ಬಿದ್ದರೆ, ಅದು ನೆಗಡಿ ಬಂತೆಂದು ಮೂಗು ಕೊಯ್ದಂತೆ. ಅದೂ ಪಕ್ಕದ ಮನೆಯವನ ಮೂಗು.

ಆಕ್ಷೇಪ ಆರು: “ಅಮೆರಿಕದಂಥ ದೇಶವೇ ಯುದ್ಧಕಾಲದಲ್ಲಿ ಬಾಯಿ ಕಟ್ಟಿತ್ತು. ನಮಗೇನು ಹೆಚ್ಚುಗಾರಿಕೆ?”

ಕಟ್ಟಿತ್ತು, ಆಮೇಲೆ ನಾಚಿಕೊಂಡಿತು. 1917 ಮತ್ತು 1918ರ ಕಾಯ್ದೆಗಳಡಿ ಯುದ್ಧವಿರೋಧಿ ಭಾಷಣ ಮಾಡಿದ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್‌ಗೆ ಹತ್ತು ವರ್ಷ ಶಿಕ್ಷೆಯಾಯಿತು. 1920ರಲ್ಲಿ ಜೈಲಿನಿಂದಲೇ ಅಧ್ಯಕ್ಷ ಚುನಾವಣೆಗೆ ನಿಂತು ಒಂಬತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದರು. ಅದೇ ವರ್ಷ ರಾಜದ್ರೋಹದ ಕಾಯ್ದೆಯನ್ನು ಅಮೆರಿಕ ರದ್ದು ಮಾಡಿತು. ಮರುವರ್ಷ ಡೆಬ್ಸ್ ಹೊರಬಂದರು. ತುಂಬಿದ ನಾಟಕಶಾಲೆಯಲ್ಲಿ ಬೆಂಕಿ ಬೆಂಕಿ ಎಂದು ಸುಳ್ಳೇ ಕೂಗುವ ಹಕ್ಕು ಯಾರಿಗೂ ಇಲ್ಲ ಎಂಬ ಪ್ರಸಿದ್ಧ ಮಾತನ್ನು ನೀವೂ ಹೇಳುತ್ತೀರಿ. ನ್ಯಾಯಮೂರ್ತಿ ಹೋಮ್ಸ್ 1919ರಲ್ಲಿ ಆ ಮಾತು ಬರೆದದ್ದು ಕಡ್ಡಾಯ ಸೈನ್ಯಭರ್ತಿಯ ವಿರುದ್ಧ ಕರಪತ್ರ ಹಂಚಿದವನನ್ನು ಶಿಕ್ಷಿಸಲು. 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಅಳತೆಗೋಲನ್ನೇ ಬದಿಗಿಟ್ಟಿತು. ಅವರು ಬಿಟ್ಟ ತಪ್ಪನ್ನು ನಾವೇಕೆ ಎತ್ತಿಕೊಳ್ಳಬೇಕು?

ಆಕ್ಷೇಪ ಏಳು: “ಸಂವಿಧಾನವೇ ನಿರ್ಬಂಧಕ್ಕೆ ಅವಕಾಶ ಕೊಟ್ಟಿದೆ. ನೀವು ಸಂವಿಧಾನಕ್ಕಿಂತ ದೊಡ್ಡವರೇ?”

ಖಂಡಿತ ಅಲ್ಲ. ಕಾನೂನು ಓದಿದ ಗೆಳೆಯರಿಗೆ ಸಂವಿಧಾನದಿಂದಲೇ ಉತ್ತರ. 19ನೇ ವಿಧಿಯ ಎರಡನೇ ಉಪವಿಧಿ ‘ಸಮಂಜಸ’ ನಿರ್ಬಂಧಕ್ಕೆ ಮಾತ್ರ ಅವಕಾಶ ಕೊಟ್ಟಿದೆ. ಸರ್ಕಾರವನ್ನು ಎಷ್ಟೇ ಕಟುವಾಗಿ ಟೀಕಿಸಿದರೂ, ಹಿಂಸೆಗೆ ಪ್ರಚೋದಿಸದಿದ್ದರೆ ರಾಜದ್ರೋಹವಾಗದು ಎಂದು ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1962ರ ಜನವರಿಯಲ್ಲಿ. 1978ರ 44ನೇ ತಿದ್ದುಪಡಿ ‘ಆಂತರಿಕ ಕ್ಷೋಭೆ’ ಎಂಬ ನೆಪವನ್ನು ತೆಗೆದುಹಾಕಿತು. ಯುದ್ಧ ಅಥವಾ ಹೊರಗಿನ ಆಕ್ರಮಣದ ತುರ್ತು ಪರಿಸ್ಥಿತಿ ಇದ್ದರೆ ಮಾತ್ರ 19ನೇ ವಿಧಿ ಅಮಾನತಾಗಬಹುದು, ಬದುಕುವ ಹಕ್ಕು ಎಂದೂ ಅಮಾನತಾಗದು ಎಂದಿತು. ಇದೂ ಸಂವಿಧಾನವೇ.

2025ರಲ್ಲಿ ಯಾವ ತುರ್ತು ಪರಿಸ್ಥಿತಿಯೂ ಘೋಷಣೆಯಾಗಿರಲಿಲ್ಲ. ಎಂದ ಮೇಲೆ 19ನೇ ವಿಧಿ ಪೂರ್ತಿ ಜೀವಂತವಾಗಿತ್ತು. ಯುದ್ಧಕಾಲದ ಕೆಲಸವನ್ನು ಶಾಂತಿಕಾಲದ ಕಾನೂನುಗಳೇ ಮಾಡುತ್ತಿವೆ ಎಂಬುದು ಈಗಿನ ಹೊಸ ಸಂಗತಿ. 1870ರ ರಾಜದ್ರೋಹದ ವಿಧಿಯನ್ನು ಸುಪ್ರೀಂ ಕೋರ್ಟ್ 2022ರ ಮೇ 11ರಂದು ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಮಿನಲ್ಲಿ ಅದು ಬೇರೆ ಹೆಸರಿನಿಂದ ಬಂದಿದೆ. ಹೆಚ್ಚೆಂದರೆ ಜೀವಾವಧಿ, ಇಲ್ಲವೇ ಏಳು ವರ್ಷದವರೆಗೆ ಶಿಕ್ಷೆ. ಯುದ್ಧದ ಕಾನೂನಿಗೆ ಕೊನೆಯ ದಿನ ತಡವಾಗಿಯಾದರೂ ಬರುತ್ತಿತ್ತು. ಇದಕ್ಕೆ ಕೊನೆಯ ದಿನವೇ ಇಲ್ಲ.

ಆಕ್ಷೇಪ ಎಂಟು: “ಇದೆಲ್ಲ ದೆಹಲಿಯ ದೊಡ್ಡವರ ಮಾತು. ರಾಗಿ ಬೆಳೆದು ಡೇರಿಗೆ ಹಾಲು ಹಾಕುವ ಸಾಸಲಿನವರಿಗೆ ಏನಾಗಬೇಕು?”

ನಮ್ಮದೇ ಜಿಲ್ಲೆಯ ದೇವನಹಳ್ಳಿಯ ರೈತರನ್ನು ಕೇಳಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಜಮೀನನ್ನು ಸರ್ಕಾರ ವಶಪಡಿಸಿಕೊಳ್ಳಲು ಹೊರಟದ್ದು ವೈಮಾನಿಕ ಮತ್ತು ರಕ್ಷಣಾ ಪಾರ್ಕಿಗಾಗಿ. ರೈತರು 2022ರ ಏಪ್ರಿಲಿನಿಂದ ಧರಣಿ ಕೂತರು. 2025ರ ಜೂನ್ 25ರಂದು ಪೊಲೀಸರು ಅವರನ್ನು ಎಬ್ಬಿಸಿ ವ್ಯಾನಿಗೆ ತುಂಬಿದರು. ಆಪರೇಷನ್ ಸಿಂಧೂರ ಮುಗಿದು ಆಗ ಎರಡು ತಿಂಗಳೂ ಆಗಿರಲಿಲ್ಲ. ‘ರಕ್ಷಣೆ’ಯ ಯೋಜನೆಯನ್ನು ವಿರೋಧಿಸುವವರು ದೇಶವಿರೋಧಿಗಳು ಎಂದು ಮೊಕದ್ದಮೆ ಹೂಡುವುದು ಅಂದಿನ ವಾತಾವರಣದಲ್ಲಿ ಕಷ್ಟವಿರಲಿಲ್ಲ. ಜನ ಬಾಯಿ ಮುಚ್ಚಲಿಲ್ಲ. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟೆವೆಂದು ಘೋಷಿಸಿದರು. ಮಾತಾಡುವ ಹಕ್ಕು ಇಲ್ಲದಿದ್ದರೆ ಆ ಹೊಲಗಳು ಉಳಿಯುತ್ತಿರಲಿಲ್ಲ.

ಇವತ್ತು ಬೆಂಗಳೂರಿನಲ್ಲಿ ಧರಣಿ ಮಾಡಬೇಕೆಂದರೆ ನಮ್ಮ ರೈತರು, ನೇಕಾರರು ಹೋಗಬೇಕಾದದ್ದು ಫ್ರೀಡಂ ಪಾರ್ಕಿಗೆ. ಬೇರೆಲ್ಲೂ ಕೂಡದೆಂದು ಆದೇಶವಿದೆ. ಸ್ನೇಹಲತಾ ರೆಡ್ಡಿಯವರನ್ನು, ವಾಜಪೇಯಿ–ಅಡ್ವಾಣಿಯವರನ್ನು ಕೂಡಿಹಾಕಿದ್ದ ಸೆಂಟ್ರಲ್ ಜೈಲು ಇದ್ದದ್ದು ಅದೇ ಜಾಗದಲ್ಲಿ.

ಆಕ್ಷೇಪಗಳಿಗೆ ಉತ್ತರ ಮುಗಿಯಿತು. ನನ್ನ ಬೇಡಿಕೆ ದೊಡ್ಡದಲ್ಲ. ಯುದ್ಧದ ಹೆಸರಿನಲ್ಲಿ ಬರುವ ಯಾವ ನಿರ್ಬಂಧಕ್ಕಾದರೂ ನಾಲ್ಕು ಷರತ್ತು ಇರಲಿ. ಮೊದಲನೆಯದು, ಅದು ಸೇನೆಯ ಗುಟ್ಟನ್ನು ಕಾಯಲಿ, ಸರ್ಕಾರದ ಮಾನವನ್ನಲ್ಲ. ಎರಡನೆಯದು, ಕೊನೆಯ ದಿನಾಂಕ ಆ ಕಾನೂನಿನಲ್ಲೇ ಇರಲಿ. ಮುಂದುವರಿಸಬೇಕೆಂದರೆ ಸಂಸತ್ತು ಮತ್ತೆ ಮತ ಹಾಕಲಿ. ಮೂರನೆಯದು, ಆದೇಶಕ್ಕೆ ಕಾರಣ ಬರವಣಿಗೆಯಲ್ಲಿರಲಿ, ಅದು ಬಾಧಿತನ ಕೈಗೆ ಸಿಗಲಿ. ನಾಲ್ಕನೆಯದು, ಹಿಡಿದವರನ್ನು ಬೇಗನೆ ನ್ಯಾಯಾಧೀಶರ ಮುಂದೆ ನಿಲ್ಲಿಸಲಿ. ಈ ನಾಲ್ಕರಲ್ಲಿ ಯಾವುದರಿಂದ ದೇಶಕ್ಕೆ ಅಪಾಯ ಎಂದು ನನ್ನನ್ನು ವಿರೋಧಿಸುವವರು ತೋರಿಸಿಕೊಡಲಿ. ಅದಾಗುವವರೆಗೆ, ವೋಟು ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನೂ, ಪಕ್ಷ ಯಾವುದೆಂದು ನೋಡದೆ, ಈ ನಾಲ್ಕಕ್ಕೆ ಒಪ್ಪುತ್ತೀರಾ ಎಂದು ಕೇಳಿ.